ನವಿಲು ಜಾಸ್ತಿ ಕಂಡರೆ ಮರಿ ಜಾಸ್ತಿ ಅಂತಲ್ಲ

ಬೆಂಗಳೂರಿನ ಸುತ್ತ ನವಿಲುಗಳು ಜಾಸ್ತಿ ಕಾಣುತ್ತಿವೆ, ಹಾಗಾಗಿ ಚೆನ್ನಾಗಿ ಮರಿ ಮಾಡುತ್ತಿವೆ ಎಂದು ಬರೆದಿದ್ದೀರಿ. ಇದನ್ನು ನಾನು ಒಪ್ಪುವುದಿಲ್ಲ. ತುರಹಳ್ಳಿ ಕಾಡಿನ ಪಕ್ಕದಲ್ಲೇ ನಮ್ಮ ಮನೆ. ಪೊದೆ ಸವರಿ ಸೈಟ್ ಮಾಡಿದ ಮೇಲೆ ನವಿಲುಗಳು ತಾರಸಿಗೇ ಬರುತ್ತವೆ, ಕಣ್ಣಿಗೆ ಬೀಳದೆ ಇರುತ್ತವಾ? ಹೆಣ್ಣು ಸಾಮಾನ್ಯವಾಗಿ ಪೊದೆಯ ಬುಡದಲ್ಲಿ ನೆಲ ಕೆರೆದು 4ರಿಂದ 6 ಮೊಟ್ಟೆ ಇಡುತ್ತದೆ. ಸುಮಾರು 28 ದಿನ ಒಂಟಿಯಾಗಿ ಕಾವು ಕೂರುತ್ತದೆ, ಗಂಡು ನೆರವಿಗೆ ಬರುವುದಿಲ್ಲ. ಅಷ್ಟು ದಿನ ಬೀದಿನಾಯಿಗಳು ಸುಮ್ನೆ ಬಿಡಬೇಕಲ್ವಾ? ಹೋದ ಮಳೆಗಾಲದಲ್ಲಿ ಲಂಟಾನ ಪೊದೆಯ ಕೆಳಗೆ ಒಡೆದ ಮೂರು ಚಿಪ್ಪು ನೋಡಿದೆ. ಕೆನೆಬಣ್ಣ, ಒಳಗೆ ಇನ್ನೂ ಹಸಿ. ತಾಯಿ ಎರಡು ದಿನ ಅಲ್ಲೇ ಸುತ್ತುತ್ತಿತ್ತು. ಗರಿ ಬಿಚ್ಚಿದ ಗಂಡುಗಳನ್ನಲ್ಲ, ತಾಯಿಯ ಹಿಂದೆ ನಡೆಯುವ ಮರಿಗಳನ್ನು ಎಣಿಸಿ ಬರೆಯಿರಿ.