ಕೆರೆಗೊಂದು ಸಂಘ, ಸಂಘಕ್ಕೊಂದು ಬೀರು

ನಮ್ಮೂರ ಕೆರೆ ಏರಿ ಮೇಲೆ ಹೊಸ ಬೋರ್ಡು ಬಂದಿದೆ. ಇದು ನಾಲ್ಕನೆಯದು. ಮೊದಲ ಮೂರನ್ನು ಜಾಲಿ ಮುಚ್ಚಿಹಾಕಿದೆ. ಈ ಸಲ ಗ್ರಾನೈಟ್. ಉದ್ಘಾಟಿಸಿದವರು, ಬಂದವರು, ಬರಬೇಕಿದ್ದವರು, ಎಲ್ಲರ ಹೆಸರೂ ಇದೆ. ಕೆರೆಯ ಹೆಸರು ಮಾತ್ರ ತಪ್ಪಾಗಿದೆ. ಇರಲಿ, ಕೆರೆಗೇನು ಓದೋಕೆ ಬರುತ್ತಾ?

ಕೆರೆ ಈಗ ಸಮುದಾಯದ್ದು. 2002ರಲ್ಲಿ ವಿಶ್ವಬ್ಯಾಂಕ್ ಸಾಲದ ಜೊತೆ ಜಲ ಸಂವರ್ಧನೆ ಯೋಜನೆ ಬಂದಾಗಿನಿಂದ ಈ ಮಾತು ಜೋರಾಗಿದೆ. ಊರವರೇ ಸಂಘ ಕಟ್ಟಿ ಕೆರೆ ನೋಡಿಕೊಳ್ಳಬೇಕಂತೆ. ಎಂಥ ಐಡಿಯಾ! ಹಿಂದೆ ನೂರಾರು ವರ್ಷ ಊರವರು ಮಾಡಿದ್ದೂ ಅದನ್ನೇ. ಆದರೆ ಪಾಪ, ಅವರ ಹತ್ತಿರ ನಡಾವಳಿ ಪುಸ್ತಕ ಇರಲಿಲ್ಲ.

ನಮ್ಮ ಸಂಘಕ್ಕೆ ಅಧ್ಯಕ್ಷರಿದ್ದಾರೆ, ರಬ್ಬರ್ ಸ್ಟ್ಯಾಂಪಿದೆ, ಬೀರು ಇದೆ. ಗದ್ದೆಗೆ ನೀರು ಬಿಡುವ ತೂಬಿನ ಗೇಟಿಗೆ ತುಕ್ಕು ಹಿಡಿದಿದೆ. ಸರಿ ಮಾಡಿಸೋಣ ಅಂದರೆ ಯಾರನ್ನು ಕೇಳುವುದು? ಅಚ್ಚುಕಟ್ಟು, ಅಂದರೆ ಕೆರೆ ನೀರು ಹರಿಯುವ ಜಮೀನು, 40 ಹೆಕ್ಟೇರ್ ಒಳಗಿದ್ದರೆ ಪಂಚಾಯ್ತಿ, ದಾಟಿದರೆ ಸಣ್ಣ ನೀರಾವರಿ ಇಲಾಖೆ. ನೆಲದ ಒತ್ತುವರಿಗೆ ತಹಶೀಲ್ದಾರರು. ಮೀನಿನ ಹರಾಜು ಬೇರೆಯವರದು, ಏರಿ ಮೇಲಿನ ಮರ ಮತ್ತೊಬ್ಬರದು. ಸಮುದಾಯದ ಪಾಲಿಗೆ ಉಳಿದಿದ್ದು ಹೂಳು. ಅದಕ್ಕೂ ಇಟ್ಟಿಗೆ ಗೂಡಿನ ಲಾರಿ ನಮಗಿಂತ ಮೊದಲೇ ಬಂದಿರುತ್ತದೆ.

ಅಂದಹಾಗೆ, 2022ರ ಕೇಂದ್ರದ ಅಮೃತ ಸರೋವರ ಯೋಜನೆ ನೆನಪಿದೆಯಲ್ವಾ? ಜಿಲ್ಲೆಗೆ 75 ಕೆರೆ. ಯಾಕೆ 75? ಸ್ವಾತಂತ್ರ್ಯಕ್ಕೆ 75 ತುಂಬಿತ್ತು. ಹೀಗಾಗಿ ಮಳೆಗೆ ಹೆಸರಾದ ಕೊಡಗಿಗೂ 75, ಹೆಜ್ಜೆಗೊಂದು ಕೆರೆಯಿರುವ ಕೋಲಾರಕ್ಕೂ 75. ಒಂದೆಕರೆ, 10,000 ಘನ ಮೀಟರ್, ದಡದಲ್ಲಿ ಬಾವುಟ. ನೀರು ಯಾವ ಕಡೆಯಿಂದ ಹರಿದು ಬರಬೇಕು ಅನ್ನೋದು ಚಿಲ್ಲರೆ ವಿಷಯ. ನಮ್ಮ ಹಿರಿಯರು ದಡ್ಡರು, ಹಳ್ಳ ನೋಡಿ ಕೆರೆ ಕಟ್ಟುತ್ತಿದ್ದರು. ಕ್ಯಾಲೆಂಡರ್ ನೋಡಬೇಕಿತ್ತು.

ನೀರುಗಂಟಿ ಅಂತ ಒಬ್ಬನಿರುತ್ತಿದ್ದ. ರಾತ್ರಿ ಮಳೆ ಹಿಡಿದರೆ ಕಂಬಳಿ ಹೊದ್ದು ಏರಿ ಮೇಲೆ ನಡೆಯುತ್ತಿದ್ದ. ಎಲ್ಲಿ ಏಡಿ ಬಿಲ, ಎಲ್ಲಿ ಜಿನುಗು, ಅವನ ಕಾಲಿಗೇ ಗೊತ್ತಾಗುತ್ತಿತ್ತು. ನೀರು ಕಮ್ಮಿಯಾದ ವರ್ಷ ಯಾರ ಗದ್ದೆಗೆ ಎಷ್ಟು ಹೊತ್ತು ಅನ್ನೋದು ಅವನ ಲೆಕ್ಕ. ಗೌಡರ ಗದ್ದೆಯೂ ಸರದಿ ಕಾಯಬೇಕು ಅನ್ನೋದು ಕಟ್ಟಳೆ. ಕಾಯುತ್ತಿತ್ತು ಅಂತ ನಾನು ಆಣೆ ಮಾಡೋದಿಲ್ಲ. ಕೂಲಿ ಅಂದರೆ ಸುಗ್ಗಿಯಲ್ಲಿ ಕಣದಿಂದ ಒಂದಿಷ್ಟು ಕಾಳು. ಎಷ್ಟೋ ಊರಲ್ಲಿ ನೀರು ಹಂಚುವ ಆ ಕೈಯಿಂದ ಒಂದು ಲೋಟ ನೀರು ಇಸಕೊಂಡು ಕುಡಿಯದವರೇ ಜಾಸ್ತಿ. ಅವನ ಮಕ್ಕಳು ಊರು ಬಿಟ್ಟರು. ಒಳ್ಳೆಯದೇ ಮಾಡಿದರು.

ಆದರೆ ಅವನ ಕೆಲಸ ಎಲ್ಲಿಗೂ ಹೋಗಿಲ್ಲ. ಏರಿ ಅಲ್ಲೇ ಇದೆ, ಮಳೆ ಈಗಲೂ ರಾತ್ರಿಯೇ ಬರುತ್ತದೆ. ಅಚ್ಚುಕಟ್ಟಿನ ದೊಡ್ಡವರೆಲ್ಲ ಬೋರ್ ಕೊರೆಸಿದ್ದಾರೆ, ಅವರಿಗೆ ತೂಬಿನ ಚಿಂತೆಯಿಲ್ಲ. ಕೆರೆ ನೀರನ್ನೇ ನಂಬಿದ ನಾಲ್ಕು ಮನೆಯವರು ಸಭೆಯಲ್ಲಿ ಹಿಂದೆ ಕೂರುತ್ತಾರೆ. ಏರಿ ಕಾಯುವವನಿಗೆ ತಿಂಗಳ ಸಂಬಳ ಅಂತ ನಮ್ಮ ಕೆರೆಯ ಒಂದು ಎಸ್ಟಿಮೇಟಿನಲ್ಲೂ ಬರೆದಿಲ್ಲ. ಗ್ರಾನೈಟಿಗೆ ದುಡ್ಡಿದೆ, ಶಾಮಿಯಾನಕ್ಕಿದೆ, ಬಾಗಿನದ ರೇಷ್ಮೆ ಸೀರೆಗಿದೆ. ಮಳೆಯಲ್ಲಿ ನೆನೆಯುವ ಮನುಷ್ಯನಿಗೆ ಇಲ್ಲ. ಸಮುದಾಯ ಅಂದರೆ ಬಿಟ್ಟಿ ಕೂಲಿ ಅಂತ ನೇರವಾಗಿ ಹೇಳಿಬಿಡಿ ಮಾರಾಯ್ರೆ, ನಮಗೂ ಸಭೆ ತಪ್ಪುತ್ತದೆ.

ಹೋದ ಮಳೆಗಾಲದಲ್ಲಿ ತೂಬು ಸೋರಿದಾಗ ಆ ನಾಲ್ಕು ಮನೆಯವರೇ ನೀರಿಗಿಳಿದು ಗೋಣಿಚೀಲ ತುರುಕಿದ್ದರು. ಚೀಲ ಇನ್ನೂ ಅಲ್ಲೇ ಇದೆ. ಹೊಸ ಬೋರ್ಡಿನ ಮೂರನೇ ಸಾಲು ಓದಿ: ‘ತೂಬು ದುರಸ್ತಿ, ಪೂರ್ಣಗೊಂಡಿದೆ.’