ಅಸಲಿ ಅಂತ ಬರೆದರೆ ಸಾಲದು, ಯಾವ ಮಾಂಸ ಅಂತಲೂ ಹೇಳಿ

ಮಂಡ್ಯ ಕಡೆಯ ಗೆಳೆಯನೊಬ್ಬ ಊರಿಂದ ಬಂದ ತನ್ನ ಅಮ್ಮನನ್ನು ಇಲ್ಲಿ ಶಿಕಾಗೋದ ಒಂದು ಗ್ರೀಕ್ ಅಂಗಡಿಗೆ ಕರೆದುಕೊಂಡು ಹೋಗಿದ್ದ. ‘ಅಮ್ಮ, ಇದು ಕುರಿ ಮಾಂಸ, ಧೈರ್ಯವಾಗಿ ತಿನ್ನು’ ಅಂತ ಯೀರೋ ಕೊಡಿಸಿದ. ಸರಳಿಗೆ ಸಿಕ್ಕಿಸಿ ತಿರುಗಿಸುತ್ತಾ ಸುಟ್ಟ ಮಾಂಸವನ್ನು ತೆಳ್ಳಗೆ ಕೊಯ್ದು ರೊಟ್ಟಿಯಲ್ಲಿ ಸುತ್ತಿ ಕೊಡುವ ಗ್ರೀಕ್ ತಿಂಡಿ ಅದು. ಅವರು ಇಷ್ಟಪಟ್ಟು ತಿಂದರು. ತಿಂಗಳಾದ ಮೇಲೆ ಸೂಪರ್‌ಮಾರ್ಕೆಟ್ಟಿನ ಫ್ರೀಜರ್‌ನಲ್ಲಿ ಅಂಥದ್ದೇ ಮಾಂಸದ ಪೊಟ್ಟಣ ಕಂಡು ಲೇಬಲ್ ಓದಿದ. ಮೊದಲ ಹೆಸರೇ ದನದ ಮಾಂಸ. ಕುರಿ ಆಮೇಲೆ. ಇಲ್ಲಿನ ಲೇಬಲ್‌ನಲ್ಲಿ ತೂಕದಲ್ಲಿ ಯಾವುದು ಜಾಸ್ತಿಯೋ ಅದನ್ನೇ ಮೊದಲು ಬರೆಯಬೇಕು. ಅಂಗಡಿಗೆ ಹೋಗಿ ಕೇಳಿದರೆ ಅಲ್ಲಿಯದೂ ಅದೇ ಬೆರಕೆ. ಅಮ್ಮ ಹುಟ್ಟಿದಾಗಿನಿಂದ ದನದ ಮಾಂಸ ಮುಟ್ಟಿದವರಲ್ಲ. ಅವರಿಗೆ ಇವತ್ತಿಗೂ ಅವನು ಹೇಳಿಲ್ಲ. ಹೇಗೆ ಹೇಳ್ತಾನೆ ಪಾಪ.

ಆ ಅಂಗಡಿಯ ಬೋರ್ಡಿನಲ್ಲಿ ‘ಅಸಲಿ ಗ್ರೀಕ್ ಯೀರೋ’ ಅಂತ ಇತ್ತು. ಯಾವ ಮಾಂಸ ಅಂತ ಇರಲಿಲ್ಲ. ನನ್ನ ತಕರಾರು ಇರೋದು ಅಲ್ಲೇ.

ಅಮೆರಿಕದ ಯೀರೋ ಬೆಳೆದದ್ದು ಇದೇ ಶಿಕಾಗೋದಲ್ಲಿ. 1970ರ ದಶಕದಲ್ಲಿ ಇಲ್ಲಿನ ಗ್ರೀಕರು ಅದನ್ನು ಕಾರ್ಖಾನೆಯಲ್ಲಿ ಮಾಡೋಕೆ ಶುರುಮಾಡಿದರು. ದನ ಮತ್ತು ಕುರಿಯ ಮಾಂಸವನ್ನು ಕೈಮಾ ಮಾಡಿ, ಬ್ರೆಡ್ಡಿನ ಪುಡಿ, ಬೆಳ್ಳುಳ್ಳಿ, ಓರೆಗಾನೋ ಅನ್ನುವ ಘಮದ ಸೊಪ್ಪು ಕಲಸಿ, ಒತ್ತಿ, ದೊಡ್ಡ ಕೋನಿನ ಆಕಾರ ಮಾಡಿ ಹೆಪ್ಪುಗಟ್ಟಿಸುತ್ತಾರೆ. ಅದು ದೇಶದ ಮೂಲೆ ಮೂಲೆಗೂ ಹೋಗುತ್ತದೆ. ಕೊಯ್ದಾಗ ರಿಬ್ಬನ್ನಿನ ಹಾಗೆ ನುಣ್ಣಗೆ, ಒಂದೇ ಅಗಲಕ್ಕೆ ಬರುತ್ತದೆ. ನನಗೂ ಅದು ಇಷ್ಟ.

ಗ್ರೀಸ್‌ನ ಅಥೆನ್ಸ್‌ಗೆ ಹೋದಾಗ ಅಲ್ಲಿನ ಮೊನಾಸ್ತಿರಾಕಿ ಚೌಕದ ಹತ್ತಿರ ಸಾಲಿನಲ್ಲಿ ನಿಂತೆ. ಅಲ್ಲಿ ತಿರುಗುತ್ತಿದ್ದದ್ದು ಕೈಮಾ ಅಲ್ಲ, ಹಂದಿ ಮಾಂಸದ ತೆಳು ತುಂಡುಗಳು. ಒಂದರ ಮೇಲೊಂದು ಪೋಣಿಸಿದ್ದರು. ಕೊಯ್ದಾಗ ಒಂದು ಚೂರು ಕರುಕಲು, ಇನ್ನೊಂದು ಮೆತ್ತಗೆ, ಅಂಚಿನಲ್ಲಿ ಕೊಬ್ಬು ಚಟಪಟ ಅನ್ನುತ್ತಿತ್ತು. ಹುಡುಗ ತಲೆ ಎತ್ತದೆ ಕೇಳಿದ: ‘ಹಿರಿನೋ? ಕೊತೋಪುಲೋ?’ ಹಂದಿಯಾ, ಕೋಳಿಯಾ ಅಂತ. ಮೊದಲ ಪ್ರಶ್ನೆಯೇ ಮಾಂಸದ್ದು. ಆಮೇಲೆ ಟೊಮೆಟೊ, ಈರುಳ್ಳಿ, ಜಾಜಿಕಿ ಅನ್ನುವ ಮೊಸರು-ಸೌತೆಕಾಯಿ ಚಟ್ನಿ, ಹುರಿದ ಆಲೂಗಡ್ಡೆ ಎಲ್ಲ ಪೀತಾ ರೊಟ್ಟಿಯೊಳಗೆ ಹಾಕಿ ಕಾಗದ ಸುತ್ತಿ ಕೊಟ್ಟ. ಕುರಿಯ ಯೀರೋ ಕಾಣಲೇ ಇಲ್ಲ. ಕುರಿಮರಿ ಅವರಿಗೆ ಈಸ್ಟರ್ ಹಬ್ಬದ ಊಟ, ಇಡಿಯಾಗಿ ಸರಳಿಗೆ ಸಿಕ್ಕಿಸಿ ಸುಡುತ್ತಾರೆ.

ಹಾಗಾದರೆ ಹಂದಿಯೇ ಅಸಲಿಯಾ? ಅಷ್ಟು ಸುಲಭ ಇಲ್ಲ. ಯೀರೋಗೆ ಗ್ರೀಕಿನಲ್ಲಿ ಯೀರೋಸ್ ಅನ್ನುತ್ತಾರೆ, ಸುತ್ತು, ತಿರುಗು ಅಂತ ಅರ್ಥ. ಹೀಗೇ ತಿರುಗಿಸಿ ಸುಡುವ ತುರ್ಕಿಯ ಕಬಾಬ್ ದೋನೆರ್‌ಗೂ ಅದೇ ಅರ್ಥ. 1922ರ ನಂತರ ಏಷ್ಯಾ ಮೈನರ್‌ನಿಂದ, ಅಂದರೆ ಈಗಿನ ತುರ್ಕಿಯ ಕಡೆಯಿಂದ, ಓಡಿಬಂದ ಗ್ರೀಕ್ ನಿರಾಶ್ರಿತರ ಜೊತೆ ಆ ಕಡೆಯ ಅಡುಗೆ ಗ್ರೀಸ್‌ಗೆ ಬಂತು. ತುರ್ಕಿಯಲ್ಲಿ ಕುರಿ, ದನ, ಗ್ರೀಸ್‌ನಲ್ಲಿ ಹಂದಿ, ಶಿಕಾಗೋದಲ್ಲಿ ಮತ್ತೆ ದನ, ಕುರಿ. ಕೆನಡಾದ ಹ್ಯಾಲಿಫ್ಯಾಕ್ಸ್‌ನಲ್ಲಿ 1970ರ ದಶಕದಲ್ಲಿ ಪೀಟರ್ ಗಮೂಲಾಕೋಸ್ ಅನ್ನುವ ಗ್ರೀಕ್ ಹೋಟೆಲಿನವರು ಮಸಾಲೆ ಹಾಕಿದ ದನದ ಮಾಂಸಕ್ಕೆ ಕಂಡೆನ್ಸ್ಡ್ ಮಿಲ್ಕಿನ ಸಿಹಿ ಸಾಸ್ ಸುರಿದು, ಡೊನೇರ್ ಅಂತ ಹೆಸರಿಟ್ಟು ಮಾರಿದರು. 2015ರಲ್ಲಿ ಅದು ಆ ಊರಿನ ಅಧಿಕೃತ ತಿಂಡಿಯಾಯಿತು. ಅದನ್ನು ಯಾರೂ ನಕಲಿ ಅನ್ನಲ್ಲ. ಹೆಸರೇ ಬೇರೆ ಇದೆಯಲ್ಲ.

ನಾನು ಕೊಡಗಿನವನು. ಪಂದಿ ಕರಿ ತಿಂದು ಬೆಳೆದವನು. ನಮ್ಮ ತಾತನ ಕಾಲದಲ್ಲಿ ಪಂದಿ ಅಂದರೆ ಕಾಡುಹಂದಿ. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಬೇಟೆಗೆ ತಡೆ ಬಿತ್ತು, ಒಲೆಗೆ ಸಾಕಿದ ಹಂದಿ ಬಂತು. ಮಾಂಸ ಬದಲಾದರೂ ನಮಗೆ ಅದು ಪಂದಿ ಕರಿಯೇ. ಆದರೆ ಕಾಚಂಪುಳಿ, ಅಂದರೆ ಹಣ್ಣಿನ ರಸ ಕಾಯಿಸಿ ಮಾಡುವ ನಮ್ಮ ಕೊಡಗಿನ ಹುಳಿ, ಇಲ್ಲದಿದ್ದರೆ ಅಲ್ಲ. ಅಮ್ಮ ಊರಿಂದ ಕಳಿಸಿದ ಒಂದು ಬಾಟಲಿ ನನ್ನ ಅಡುಗೆಮನೆಯಲ್ಲಿದೆ. ಡಾಂಬರಿನ ಹಾಗೆ ಕಪ್ಪು, ಮಂದ. ಕೊನೆಯಲ್ಲಿ ಒಂದು ಚಮಚ ಬಿಟ್ಟರೆ ಸಾಕು, ಮನೆಯೆಲ್ಲ ಊರಿನ ವಾಸನೆ. ಒಮ್ಮೆ ಅದು ಮುಗಿದಾಗ ವಿನೆಗರ್ ಹಾಕಿ ಮಾಡಿದ್ದೆ. ಗೆಳೆಯರಿಗೆ ಬಡಿಸುವಾಗ ಹಾಗೇ ಹೇಳಿದೆ: ಇದು ವಿನೆಗರಿನದು, ನಿಜವಾದ ಹುಳಿ ಇದಲ್ಲ. ಹೇಳದೆ ಬಡಿಸೋಕೆ ಮನಸ್ಸು ಬರಲಿಲ್ಲ.

ಅದಕ್ಕೇ ನನಗೆ ನಮ್ಮ ಮಿಲಿಟರಿ ಹೋಟೆಲ್‌ಗಳ ರೀತಿ ದೊಡ್ಡದಾಗಿ ಕಾಣುತ್ತದೆ. ನಾಟಿ ಕೋಳಿ, ತಲೆ ಮಾಂಸ, ಬೋಟಿ, ಕಾಲ್ ಸೂಪ್. ಕೋಳಿಯಾದರೆ ಯಾವ ಕೋಳಿ, ಮಾಂಸವಾದರೆ ಯಾವ ಭಾಗ, ಎಲ್ಲ ಬೋರ್ಡಿನಲ್ಲೇ ಇರುತ್ತದೆ. ಮಟನ್ ಅಂದರೂ ‘ಕುರೀನಾ, ಮೇಕೆನಾ?’ ಅಂತ ಕೇಳೋದು ನಮ್ಮಲ್ಲಿ ಮಾಮೂಲು. ಕೇಳಿದರೆ ಯಾರೂ ಮುಖ ಸಿಂಡರಿಸಲ್ಲ. ಒಬ್ಬರಿಗೆ ದನ ಆಗಲ್ಲ, ಒಬ್ಬರಿಗೆ ಹಂದಿ ಆಗಲ್ಲ, ಇನ್ನೊಬ್ಬರಿಗೆ ಎರಡೂ ಆಗುತ್ತೆ ಅನ್ನೋದು ಎಲ್ಲರಿಗೂ ಗೊತ್ತು.

ಇಲ್ಲಿ ಅಮೆರಿಕದಲ್ಲಿ ಹೆಚ್ಚಿನವರಿಗೆ ದನವೂ ಒಂದೇ, ಕುರಿಯೂ ಒಂದೇ. ಅದಕ್ಕೆ ಹೇಳಬೇಕು ಅಂತ ಅವರಿಗೆ ತೋಚಲ್ಲ. ಮೋಸ ಮಾಡುವ ಉದ್ದೇಶ ಅವರಿಗಿದೆ ಅಂತ ನಾನು ಅನ್ನಲ್ಲ. ಆದರೆ ಕುರಿ ಅಂದುಕೊಂಡು ದನ ತಿಂದವರ ಸಂಕಟ ಸಣ್ಣದಲ್ಲ. ‘ಅಸಲಿ’ ಅನ್ನುವ ಪದ ಬರೆಯೋಕೆ ಇರುವ ಜಾಗದಲ್ಲಿ ‘ದನ, ಕುರಿ’ ಅಂತ ಬರೆಯಬಹುದಲ್ವಾ? ದೇಶ ಬಿಟ್ಟು ಬಂದ ಅಡುಗೆಯವರು ಸಿಕ್ಕಿದ ಮಾಂಸದಲ್ಲಿ ಮಾಡಲಿ, ನಾನು ಖುಷಿಯಾಗಿ ತಿನ್ನುತ್ತೇನೆ.

ಊರಿಂದ ಹೊಸದಾಗಿ ಬರುವ ಹುಡುಗರಿಗೆ ಈಗ ನಾನೇ ಹೇಳಿಬಿಡುತ್ತೇನೆ. ನುಣ್ಣಗೆ ಪಟ್ಟಿಪಟ್ಟಿಯಾಗಿ ಬಂದರೆ ಅದು ಬೆರಕೆ ಕೈಮಾ, ದನ ಇರಬಹುದು. ಪದರ ಪದರವಾಗಿ, ಒಂದೊಂದು ಚೂರು ಒಂದೊಂದು ಥರ ಇದ್ದರೆ ಹಂದಿಯೋ ಕೋಳಿಯೋ ಇರಬಹುದು. ಎರಡರಲ್ಲಿ ಯಾವುದೇ ಆದರೂ ದುಡ್ಡು ಕೊಡೋ ಮುಂಚೆ ಕೇಳಿ. ಆ ಗೆಳೆಯನ ಅಮ್ಮ ಮುಂದಿನ ಬೇಸಿಗೆಗೆ ಮತ್ತೆ ಬರ್ತಾರಂತೆ. ಅವರಿಗೆ ಕೋಳಿಯ ಯೀರೋ ಮನೆಯಲ್ಲೇ ಮಾಡಿಕೊಡೋಣ ಅಂತ ಇಬ್ಬರೂ ಮಾತಾಡಿಕೊಂಡಿದ್ದೇವೆ.