ಡಬ್ಬಿ ತುಂಬಿಸಿ, ನೌಕರಿ ಉಳಿಸಿ

ಮೂತ್ರದಲ್ಲಿ ಡ್ರಗ್ಸ್ ಸಿಕ್ಕರೆ ಕೆಲಸ ಹೋಗುತ್ತದೆ. ಇದು ನಮಗೆಲ್ಲ ಗೊತ್ತು. ಅದೇ ಮೂತ್ರದಲ್ಲಿ ಮದ್ದು ಸಿಗದಿದ್ದರೆ ಕೆಲಸಕ್ಕೆ ಕುತ್ತು ಬರುವ ಜಾಗವೂ ಇದೆ: ನೈಜೀರಿಯಾ, ಅಂಗೋಲಾ ಕಡೆಯ ತೈಲದ ಸೈಟುಗಳು, 2022ರವರೆಗೆ ಚಾಡ್ ಕೂಡ. ಅಲ್ಲಿ ಎಕ್ಸಾನ್‌ಮೊಬಿಲ್ ಕಂಪನಿ ಹೊರಗಿನಿಂದ ಬಂದವರಿಗೆ ಮಲೇರಿಯಾ ತಡೆಯುವ ಮಾತ್ರೆ ಕಡ್ಡಾಯ ಮಾಡಿತು. ಆಮೇಲೆ ಒಂದು ದಿನ, ಹೇಳದೆ ಕೇಳದೆ, ಕೈಗೆ ಡಬ್ಬಿ ಬರುತ್ತದೆ. ತುಂಬಿಸಿ ಕೊಡಿ ಸಾರ್.

ಕೋಟಿಗಟ್ಟಲೆ ಬೆಲೆಯ, ತೈಲ ಕೊರೆಯುವ ರಿಗ್ ಈ ನೌಕರನ ಕೈಗೆ ಕೊಡಬಹುದು. 'ಮಾತ್ರೆ ನುಂಗಿದೆ' ಅಂದರೆ ಮಾತ್ರ ನಂಬುವಂತಿಲ್ಲ!

ನಂಬದಿರಲು ಕಾರಣವೂ ಇದೆ ಅನ್ನಿ. ಮೆಫ್ಲೋಕ್ವಿನ್ ಅನ್ನುವ ಮಲೇರಿಯಾ ಮಾತ್ರೆ ವಾರಕ್ಕೊಂದೇ, ಆದರೆ ಕೆಲವರಿಗೆ ರಾತ್ರಿಯೆಲ್ಲ ಕೆಟ್ಟ ಕನಸು. ಇನ್ನೊಂದು ಮಾತ್ರೆ ಡಾಕ್ಸಿಸೈಕ್ಲಿನ್ ದಿನಾ ನುಂಗಬೇಕು, ಬಿಸಿಲಿಗೆ ಹೋದರೆ ಚರ್ಮ ಉರಿಯಬಹುದು. ಊರಿಗೆ ವಾಪಸ್ ಬಂದ ಮೇಲೂ 4 ವಾರ ಬಿಡುವಂತಿಲ್ಲ. ಮಾತ್ರೆ ಕಮೋಡಿಗೆ, ಸಹಿ ರಿಜಿಸ್ಟರಿಗೆ. ಹೀಗಿರುವಾಗ ನಿಯತ್ತಾಗಿ ನುಂಗುವವನ ಮೂತ್ರಕ್ಕೆ ಕ್ಯಾಂಪಿನಲ್ಲಿ ಒಳ್ಳೆ ರೇಟು ಬರಬೇಕು, ಅಲ್ವಾ?

ಎರಡನೇ ಮಹಾಯುದ್ಧದಲ್ಲಿ ಬರ್ಮಾದ ಕಾಡಲ್ಲೂ ಇದೇ ಕಥೆ. ನಮ್ಮ ಸಿಪಾಯಿಗಳೇ ಜಾಸ್ತಿ ಇದ್ದ ಬ್ರಿಟಿಷರ 14ನೇ ಸೇನೆ. ಆಗಿನ ಮಲೇರಿಯಾ ಮಾತ್ರೆ ಮೆಪಾಕ್ರಿನ್ ನುಂಗಿದರೆ ಮೈ ಹಳದಿಯಾಗುತ್ತಿತ್ತು, ಗಂಡಸ್ತನವೂ ಹೋಗುತ್ತದೆ ಅಂತ ಗಾಳಿಸುದ್ದಿ. ಆ ಸೇನೆಯ ಮುಖ್ಯಸ್ಥ ಜನರಲ್ ಸ್ಲಿಮ್ ಸಾಹೇಬರು ದಿಢೀರ್ ತಪಾಸಣೆ ಶುರು ಮಾಡಿದರು. ಶೇಕಡಾ 95ಕ್ಕಿಂತ ಕಡಿಮೆ ಜನರ ಮೈಯಲ್ಲಿ ಮದ್ದು ಸಿಕ್ಕರೆ ಸಿಪಾಯಿಗಲ್ಲ, ಅವನ ಕಮಾಂಡಿಂಗ್ ಆಫೀಸರಿಗೇ ಗೇಟ್‌ಪಾಸ್. 3 ಜನ ಮನೆಗೆ ಹೋದರು, ಉಳಿದವರಿಗೆ ಬುದ್ಧಿ ಬಂತು. ಈ ಪದ್ಧತಿಯನ್ನು ನಿಮ್ಮ ಮ್ಯಾನೇಜರಿಗೆ ಒಮ್ಮೆ ಹೇಳಿ ನೋಡಿ.

ಡಬ್ಬಿಗೂ ಜಾತಿ ಇದೆ. ಹುಟ್ಟಿದಾಗಿನಿಂದ ಮಲೇರಿಯಾದ ನಡುವೆಯೇ ಬೆಳೆಯದವರು 'ನಾನ್ ಇಮ್ಯೂನ್', ಅಂದರೆ ರೋಗ ತಡೆಯುವ ಶಕ್ತಿ ಮೈಯಲ್ಲಿ ಇಲ್ಲದವರು, ಅವರು ಕೊಡಬೇಕು. ಮಂಗಳೂರಲ್ಲಿ ಎರಡೆರಡು ಸಲ ಚಳಿಜ್ವರದಲ್ಲಿ ಗಡಗಡ ನಡುಗಿ ಎದ್ದವನೂ ಅಲ್ಲಿ ಇಳಿದರೆ 'ನನಗೆ ಸೊಳ್ಳೆ ಹೊಸದಲ್ಲ ಮಾರಾಯ್ರೆ' ಅನ್ನುವಂತಿಲ್ಲ. ಪಕ್ಕದಲ್ಲೇ ಪೈಪು ಹೊರುವ ಆ ಊರಿನವನಿಗೆ ಮಾತ್ರ ಡಬ್ಬಿಯಿಲ್ಲ. ಹುಟ್ಟಿದಾಗಿನಿಂದ ಕಚ್ಚಿಸಿಕೊಂಡು ಅವನಿಗೆ ಅಭ್ಯಾಸವಾಗಿದೆಯಂತೆ. ಆ ಅಭ್ಯಾಸ ಆಗಬೇಕಾದರೆ ಮೊದಲು ಬದುಕಿ ಉಳಿಯಬೇಕು ನೋಡಿ. ಆಫ್ರಿಕಾದಲ್ಲಿ ಮಲೇರಿಯಾಕ್ಕೆ ಸಾಯುವವರಲ್ಲಿ ಸುಮಾರು ಮುಕ್ಕಾಲು ಪಾಲು 5 ವರ್ಷದೊಳಗಿನ ಮಕ್ಕಳು. ಅವರಿಗೆ ಎಂಪ್ಲಾಯಿ ನಂಬರ್ ಇರುವುದಿಲ್ಲ.